ಚಿಪ್ ಮೇಲಿನ ಶೀತಲ ಪರಮಾಣುವೋ, ಫೈಬರ್ ಸುರುಳಿಯೋ: ತಿರುಗುವಿಕೆ ಅಳೆಯುವ ಸಾಧನ ಆರಿಸುವ ಬಗೆ

ಅತಿಶೀತಲ ಪರಮಾಣು ಗೈರೊಸ್ಕೋಪ್, ಅಂದರೆ ಪರಮಾಣುಗಳಿಂದ ತಿರುಗುವಿಕೆ ಅಳೆಯುವ ಸಾಧನದ ಬಗ್ಗೆ ಏನನ್ನೇ ಓದಲು ಕೂತರೂ ಮೊದಲು ಕಣ್ಣಿಗೆ ಬೀಳುವುದು ಒಂದೇ ಸಂಖ್ಯೆ: ಬೆಳಕಿನ ಗೈರೊಗಿಂತ ಹತ್ತು ಸಾವಿರ ಕೋಟಿ ಪಟ್ಟು ಸೂಕ್ಷ್ಮ. ಆ ಸಂಖ್ಯೆ ಬಂದ ದಾರಿ ಸರಿಯಾಗಿಯೇ ಇದೆ. ಸಾನ್ಯಾಕ್ 1913ರಲ್ಲಿ ತೋರಿಸಿದಂತೆ, ಒಂದು ಕುಣಿಕೆಯನ್ನು ಎರಡು ಅಲೆಗಳು ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತಿರುವಾಗ ಕುಣಿಕೆಯೇ ತಿರುಗಿದರೆ ಅವುಗಳ ನಡುವೆ ಪ್ರಾವಸ್ಥೆಯ ವ್ಯತ್ಯಾಸ, ಅಂದರೆ ಫೇಸ್ ವ್ಯತ್ಯಾಸ ಹುಟ್ಟುತ್ತದೆ. ಅದು ಮೂರರ ಗುಣಲಬ್ಧಕ್ಕೆ ತಕ್ಕಂತೆ ಬೆಳೆಯುತ್ತದೆ: ಕುಣಿಕೆಯ ವಿಸ್ತೀರ್ಣ, ತಿರುಗುವ ವೇಗ, ಅಲೆಯ ಒಂದು ಕಣದ ಒಟ್ಟು ಶಕ್ತಿ. ಪರಮಾಣುವೂ ಅಲೆಯಂತೆ ವರ್ತಿಸುವುದರಿಂದ ಇದು ಅದಕ್ಕೂ ಅನ್ವಯ. 1550 ನ್ಯಾನೊಮೀಟರ್ ಫೋಟಾನಿನ ಶಕ್ತಿ 0.8 ಎಲೆಕ್ಟ್ರಾನ್ ವೋಲ್ಟ್. ರುಬಿಡಿಯಂ-87ರ ದ್ರವ್ಯರಾಶಿಯನ್ನು ಶಕ್ತಿಯಾಗಿ ಎಣಿಸಿದರೆ ಸುಮಾರು 8,100 ಕೋಟಿ ಎಲೆಕ್ಟ್ರಾನ್ ವೋಲ್ಟ್. ಭಾಗಿಸಿ ನೋಡಿದರೆ 10ರ 11ನೇ ಘಾತ.

ಕೊಳ್ಳುವವರಾಗಲಿ ಕಟ್ಟುವವರಾಗಲಿ ಈ ಒಂದು ಸಂಖ್ಯೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಸಣ್ಣ ಸಾಧನದಲ್ಲಿ ಆ ಅನುಕೂಲ ಹೆಚ್ಚುಕಡಿಮೆ ಪೂರ್ತಿ ಕರಗಿಹೋಗುತ್ತದೆ. ಪರಮಾಣುವನ್ನು ಆರಿಸಲು ಬಲವಾದ ಕಾರಣ ಇದೆ, ಆದರೆ ಅದು ಬೇರೆ.

ಲೆಕ್ಕ ಹಾಕಿ ನೋಡೋಣ

ಫೈಬರ್ ಗೈರೊ ತೆಗೆದುಕೊಳ್ಳಿ. 1 ಕಿಲೋಮೀಟರ್ ಫೈಬರನ್ನು 10 ಸೆಂ.ಮೀ. ವ್ಯಾಸದ ಸುರುಳಿಗೆ ಸುತ್ತಿದರೆ ಸುಮಾರು 3,180 ಸುತ್ತು ಬರುತ್ತದೆ, ಒಟ್ಟು ವಿಸ್ತೀರ್ಣ 25 ಚದರ ಮೀಟರ್. ಭೂಮಿಯ ತಿರುಗುವಿಕೆ, ಅಂದರೆ ಗಂಟೆಗೆ 15.04 ಡಿಗ್ರಿ, ಇದರಲ್ಲಿ ಹುಟ್ಟಿಸುವ ಫೇಸ್ ಬರೀ 0.1 ಮಿಲಿರೇಡಿಯನ್. ಸಂಕೇತ ಚಿಕ್ಕದು ನಿಜ. ಆದರೆ ಪತ್ತೆಕಾರಕ್ಕೆ 10 ಮೈಕ್ರೊವ್ಯಾಟ್ ಬೆಳಕು ತಲುಪಿದರೂ ಸೆಕೆಂಡಿಗೆ 78 ಲಕ್ಷ ಕೋಟಿ ಫೋಟಾನುಗಳು ಬಂದು ಬೀಳುತ್ತವೆ. ಕಣಗಳು ಬಿಡಿಬಿಡಿಯಾಗಿ ಬಂದು ಬೀಳುವುದರಿಂದ ಹುಟ್ಟುವ ಎಣಿಕೆಯ ಗದ್ದಲವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಮಿತಿ ಸುಮಾರು 0.0003 ಡಿಗ್ರಿ ಪ್ರತಿ ವರ್ಗಮೂಲ ಗಂಟೆ (ಇದು ಓದಿನ ಗದ್ದಲದ ಮಾನ; ಚಿಕ್ಕದಾದಷ್ಟೂ ಒಳ್ಳೆಯದು).

ಈಗ ಕೈಯಲ್ಲಿ ಹಿಡಿಯಬಹುದಾದ ಪರಮಾಣು ಸಾಧನ. ರುಬಿಡಿಯಂ ಮೋಡ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಗುತ್ತಿದೆ. 780 ನ್ಯಾನೊಮೀಟರ್ ರಾಮನ್ ಲೇಸರಿನ (ಪರಮಾಣುವನ್ನು ಒದೆಯುವ ಜೋಡಿ ಕಿರಣಗಳ) ಮೂರು ಮಿಡಿತಗಳು 10 ಮಿಲಿಸೆಕೆಂಡ್ ಅಂತರದಲ್ಲಿ ಅದನ್ನು ಸೀಳಿ, ತಿರುಗಿಸಿ, ಮತ್ತೆ ಕೂಡಿಸುತ್ತವೆ. ಎರಡು ಫೋಟಾನಿನ ಒದೆತದಿಂದ ಪರಮಾಣುವಿಗೆ ಸಿಗುವ ವೇಗ ಸೆಕೆಂಡಿಗೆ 11.8 ಮಿ.ಮೀ. ಹಾಗಾಗಿ ಆವರಿಸಿದ ವಿಸ್ತೀರ್ಣ 1.2 ಚದರ ಮಿಲಿಮೀಟರ್. ಭೂಮಿಯ ತಿರುಗುವಿಕೆಗೆ ಸಿಗುವ ಫೇಸ್ 0.235 ರೇಡಿಯನ್, ಫೈಬರಿಗಿಂತ ಎರಡು ಸಾವಿರ ಪಟ್ಟಿಗೂ ಮಿಗಿಲು. ಆದರೆ ಒಂದು ಸಲಕ್ಕೆ 1 ಲಕ್ಷ ಪರಮಾಣು, ಸೆಕೆಂಡಿಗೆ 5 ಸಲ ಎಂದುಕೊಂಡರೆ ಎಣಿಕೆಯ ಗದ್ದಲ ಸಲಕ್ಕೆ 3.2 ಮಿಲಿರೇಡಿಯನ್. ಕೊನೆಗೆ ಕೈಗೆ ಬರುವುದು 0.0015 ಡಿಗ್ರಿ ಪ್ರತಿ ವರ್ಗಮೂಲ ಗಂಟೆ. ಫೈಬರ್ ಸುರುಳಿಗಿಂತ ಐದು ಪಟ್ಟು ಕೆಳಗೆ!

ವಿಸ್ತೀರ್ಣದಲ್ಲಿ ಎರಡು ಕೋಟಿ ಪಟ್ಟು ಸೋಲು, ಕಣಗಳ ಎಣಿಕೆಯ ಗದ್ದಲದಲ್ಲಿ ಹನ್ನೆರಡು ಸಾವಿರ ಪಟ್ಟು ಸೋಲು. ಹತ್ತು ಸಾವಿರ ಕೋಟಿ ಖರ್ಚಾದದ್ದು ಹೀಗೆ. ಪರಮಾಣುಗಳು ಈ ಸೋಲನ್ನು ದಾಟಿದ್ದು ದೊಡ್ಡ ಯಂತ್ರಗಳಲ್ಲಿ. ಪ್ಯಾರಿಸ್ ವೀಕ್ಷಣಾಲಯದ ಸೀಸಿಯಂ ಕಾರಂಜಿಯಲ್ಲಿ ಪರಮಾಣುಗಳನ್ನು ಮೇಲಕ್ಕೆ ಚಿಮ್ಮಿಸಿ, 800 ಮಿಲಿಸೆಕೆಂಡ್ ಅವಧಿಯಲ್ಲಿ 11 ಚದರ ಸೆಂ.ಮೀ. ಆವರಿಸಿ, 2018ರಲ್ಲಿ ಸೆಕೆಂಡಿಗೆ 0.3 ನ್ಯಾನೊರೇಡಿಯನ್ ಮಟ್ಟದ ಸ್ಥಿರತೆ ಸಾಧಿಸಿದರು. ಅದು ನೆಲಕ್ಕೆ ಬೇರೂರಿ ನಿಂತ, ಆಳೆತ್ತರವನ್ನೂ ಮೀರಿದ ಯಂತ್ರ.

ಮತ್ತೆ ಪರಮಾಣು ಯಾಕೆ

ಗದ್ದಲದಲ್ಲಿ ಗೆಲ್ಲದಿದ್ದರೂ ದೀರ್ಘಕಾಲದ ನಿಷ್ಠೆಯಲ್ಲಿ ಗೆಲ್ಲುತ್ತದೆ. ಫೈಬರ್ ಸುರುಳಿಯ ಒಂದು ಬದಿ ಇನ್ನೊಂದಕ್ಕಿಂತ ಬೇಗ ಬಿಸಿಯಾದರೆ ಎದುರುಬದುರು ಸಾಗುವ ಬೆಳಕುಗಳು ಅದೇ ಬಿಸಿಭಾಗವನ್ನು ಬೇರೆ ಬೇರೆ ಕ್ಷಣದಲ್ಲಿ ದಾಟುತ್ತವೆ. ಸಾಧನ ಅಲುಗದಿದ್ದರೂ ತಿರುಗಿದಂತೆ ತೋರುತ್ತದೆ. ಶೂಪ್ ಪರಿಣಾಮ ಎನ್ನುವುದು ಇದನ್ನೇ. ನಾಲ್ಕು ಮಡಿಯಾಗಿ, ನಡುವಿನಿಂದ ಸಮ್ಮಿತವಾಗಿ ಸುತ್ತಿದರೆ ಬಹುಪಾಲು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೆಳಕಿನ ಮೂಲಕ್ಕೆ ವಯಸ್ಸಾದಂತೆ ಸರಾಸರಿ ತರಂಗಾಂತರ ಜರುಗಿ ಸ್ಕೇಲ್ ಫ್ಯಾಕ್ಟರೂ, ಅಂದರೆ ಫೇಸನ್ನು ತಿರುಗುವ ವೇಗಕ್ಕೆ ಬದಲಿಸುವ ಗುಣಕವೂ ಜರುಗುತ್ತದೆ. ಕನ್ನಡಿಗಳ ನಡುವೆ ಲೇಸರ್ ಬೆಳಕು ಸುತ್ತುವ ಉಂಗುರ ಲೇಸರ್ ಗೈರೊದಲ್ಲಿ ಆ ಕನ್ನಡಿಗಳಿಂದ ಚದುರಿದ ಬೆಳಕು ಎರಡು ಅಲೆಗಳನ್ನು ಒಂದಕ್ಕೊಂದು ಅಂಟಿಸಿಬಿಡುವುದರಿಂದ ನಿಧಾನ ತಿರುಗುವಿಕೆ ಕಾಣಿಸುವುದೇ ಇಲ್ಲ; ಅದಕ್ಕಾಗಿ ಇಡೀ ಗಾಜಿನ ತುಂಡನ್ನು ಅಲುಗಾಡಿಸುತ್ತಲೇ ಇರಬೇಕು.

ಪರಮಾಣು ಸಾಧನದ ಅಳತೆಗೋಲು ಇಂಥ ಯಾವ ವಸ್ತುವಿನ ಮೇಲೂ ನಿಂತಿಲ್ಲ. ಲೇಸರಿನ ತರಂಗಾಂತರವನ್ನು ರುಬಿಡಿಯಂನ 780.241 ನ್ಯಾನೊಮೀಟರ್ ಗೆರೆಗೆ ಕಟ್ಟಿಹಾಕಲಾಗುತ್ತದೆ, ಮಿಡಿತಗಳ ಅಂತರವನ್ನು ಗಡಿಯಾರ ಕೊಡುತ್ತದೆ. ಮೋಡವನ್ನು ಎಸೆಯುವ ವೇಗವೂ ಎರಡು ಲೇಸರುಗಳ ಆವೃತ್ತಿಯ ವ್ಯತ್ಯಾಸದಿಂದ ಬಂದರೆ ಇನ್ನೂ ಒಳ್ಳೆಯದು. ವೇಗದ ಬಗ್ಗೆ ಮಾತ್ರ ಎಚ್ಚರ ಬೇಕು: ಮೂರು ಮಿಡಿತದ ಸಾಧನದ ಫೇಸಿನಲ್ಲಿ ಮೋಡದ ವೇಗವೂ ಒಂದು ಗುಣಕ. ಎಸೆತ ಶೇ. 0.1 ವ್ಯತ್ಯಾಸವಾದರೆ ಓದುವಿಕೆಯೂ ಶೇ. 0.1 ತಪ್ಪು.

ಹಾಗಾಗಿ ನಿಮ್ಮ ಕೆಲಸ ನಿಮಿಷಗಳದ್ದಾದರೆ ಪರಮಾಣು ಬೇಡ. ಹೊರಗಿನ ಸಂಕೇತವಿಲ್ಲದೆ ದಿನಗಟ್ಟಲೆ ದಾರಿ ಹಿಡಿಯಬೇಕಾದರೆ, ಅಥವಾ ವರ್ಷಗಟ್ಟಲೆ ಮರು-ಹೊಂದಾಣಿಕೆಯಿಲ್ಲದೆ ಒಂದೇ ಅಳತೆ ಕೊಡಬೇಕಾದರೆ ಮಾತ್ರ ಯೋಚಿಸಿ.

ಚಿಪ್ ಎಂದರೆ ಯಾವ ಚಿಪ್?

ಫೋಟಾನಿಕ್ ಚಿಪ್ ಗೈರೊ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ವಸ್ತುಗಳು ಓಡಾಡುತ್ತವೆ. ಸಿಲಿಕಾನ್ ನೈಟ್ರೈಡ್ ಸುರುಳಿ ಅಥವಾ ಉಂಗುರದಲ್ಲಿ ಬೆಳಕಷ್ಟೇ ಸುತ್ತುವಂಥದ್ದು ಒಂದು. ಅದು ಫೈಬರ್ ಗೈರೊದ ತಮ್ಮ, ಅದರಲ್ಲಿ ಪರಮಾಣುವಿಲ್ಲ. ಕಾಂತೀಯ ಚಿಪ್ ಇನ್ನೊಂದು: ಚಿನ್ನದ ತಂತಿಗಳಲ್ಲಿ ಒಂದೆರಡು ಆಂಪಿಯರ್ ಹರಿಸಿ, ಮೇಲ್ಮೈಯಿಂದ ನೂರಾರು ಮೈಕ್ರೊಮೀಟರ್ ಎತ್ತರದಲ್ಲಿ ಪರಮಾಣುಗಳನ್ನು ಹಿಡಿಯುವಂಥದ್ದು. 2001ರಲ್ಲಿ ಚಿಪ್ ಮೇಲೆಯೇ, ಪರಮಾಣುಗಳೆಲ್ಲ ಒಂದೇ ಅಲೆಯಂತಾಗುವ ಅತಿಶೀತಲ ಸ್ಥಿತಿಯಾದ ಬೋಸ್-ಐನ್‌ಸ್ಟೈನ್ ಸಾಂದ್ರಣ ಸಿಕ್ಕಾಗಿನಿಂದ ಇದು ಪಳಗಿದ ತಂತ್ರ, ಆದರೆ ತಂತಿಯ ಅಂಚಿನ ಒರಟುತನ ಮೋಡವನ್ನು ತುಂಡುತುಂಡಾಗಿಸುತ್ತದೆ, ವಿದ್ಯುತ್ತಿನ ಗದ್ದಲ ನೇರ ಫೇಸಿಗೆ ಇಳಿಯುತ್ತದೆ. ಸಾಂದ್ರಣದ ಮೂಲವಾಗಿ ಕೊಳ್ಳಿ, ಸುತ್ತುದಾರಿಯಾಗಿ ಬೇಡ.

ಉಳಿದ ಎರಡರ ನಡುವೆಯೇ ನಿಜವಾದ ಆಯ್ಕೆ. ಒಂದರಲ್ಲಿ ಚಿಪ್ ಬೆಳಕನ್ನು ಹೊತ್ತು ತರುತ್ತದೆ, ಪರಮಾಣುಗಳು ನಿರ್ವಾತದಲ್ಲಿ ಸ್ವತಂತ್ರವಾಗಿ ಬೀಳುತ್ತವೆ. ಇನ್ನೊಂದರಲ್ಲಿ ಬೆಳಕನ್ನು ಹರಿಸುವ ನವಿರು ಕಾಲುವೆ, ಅಂದರೆ ಚಿಪ್ ಮೇಲಿನ ವೇವ್‌ಗೈಡೇ ಪರಮಾಣುಗಳಿಗೆ ಹಳಿ.

ಬೀಳುವ ಪರಮಾಣು, ಬೆಳಕು ತರುವ ಚಿಪ್

ಇವತ್ತು ಕಟ್ಟಲು ಹೊರಟರೆ ಇದನ್ನೇ ಕಟ್ಟಿ. ಪರಮಾಣುಗಳನ್ನು ತಂಪಾಗಿಸಿ ಹಿಡಿಯಲು ಆರು ಕಿರಣಗಳ ಬದಲು ಜಾಲರಿ ಚಿಪ್ (ನವಿರು ಗೀರುಗಳನ್ನು ಕೊರೆದ ಚಿಪ್) ಮೇಲೆ ಒಂದೇ ಕಿರಣ ಬಿಟ್ಟರೆ ಸಾಕು. ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಇದನ್ನು ಮಾಡಿ ತೋರಿಸಿತು. ಗೀರುಗಳ ಅಂತರ 1,080 ನ್ಯಾನೊಮೀಟರ್ ಇದ್ದರೆ 780ರ ಬೆಳಕು 46 ಡಿಗ್ರಿ ಕೋನಕ್ಕೆ ಬಾಗುತ್ತದೆ. ಗೀರಿನ ಆಳ ತರಂಗಾಂತರದ ಕಾಲು ಭಾಗ, ಅಂದರೆ 195 ನ್ಯಾನೊಮೀಟರ್. ಆಳ ತಪ್ಪಿದರೆ ನೇರವಾಗಿ ಹಿಂದಿರುಗುವ ಬೆಳಕು ಉಳಿದುಕೊಂಡು ಮೋಡ ಸಮತೋಲ ಕಳೆದುಕೊಳ್ಳುತ್ತದೆ. ಬರುವ ಕಿರಣ ನಡುವೆ ಗಾಢವಾಗಿ ಅಂಚಿನಲ್ಲಿ ತೆಳುವಾಗಿದ್ದರೂ ಅದೇ ಗತಿ. ಕಿರಣವನ್ನು ಜಾಲರಿಗಿಂತ ಅಗಲ ಮಾಡಿ, ನಡುಭಾಗವನ್ನು ಮಾತ್ರ ಬಳಸಿ.

ಲೇಸರಿಗೆ 1560 ನ್ಯಾನೊಮೀಟರ್ ದೂರಸಂಪರ್ಕದ ಬಿಡಿಭಾಗಗಳನ್ನು ಬಳಸಿ ಕೊನೆಯಲ್ಲಿ ಆವೃತ್ತಿಯನ್ನು ಇಮ್ಮಡಿಸುವ ದಾರಿ ಗಟ್ಟಿ. ಬೆಳಕನ್ನು ಹತೋಟಿಯಲ್ಲಿಡುವ ಮಾಡ್ಯುಲೇಟರುಗಳೆಲ್ಲ ಚಿಪ್ ಮೇಲೆ ಕೂರುತ್ತವೆ. ಆದರೆ ಇಲ್ಲೊಂದು ಹಳ್ಳವಿದೆ, ಬಹಳ ಮಂದಿ ಬೀಳುವುದು ಅದರಲ್ಲೇ: ಬೆಳಕನ್ನು ನಂದಿಸುವುದು. ಅಳತೆ ನಡೆಯುವ 20 ಮಿಲಿಸೆಕೆಂಡಿನಲ್ಲಿ ಒಂದು ಪರಮಾಣು ದಾರಿತಪ್ಪಿದ ಫೋಟಾನೊಂದನ್ನು ನುಂಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕಾದರೆ ಸೋರುವ ಅನುರಣಿತ (ಪರಮಾಣುವಿನ ಗೆರೆಗೆ ಹೊಂದುವ) ಬೆಳಕು ಚದರ ಸೆಂ.ಮೀ.ಗೆ 44 ಪಿಕೊವ್ಯಾಟ್ ಮೀರಬಾರದು. ತಂಪಾಗಿಸುವಾಗ ಇರುವುದು 5 ಮಿಲಿವ್ಯಾಟ್. ಅಂದರೆ 80 ಡೆಸಿಬೆಲ್, ಹತ್ತು ಕೋಟಿ ಪಟ್ಟು, ನಂದಿಸಬೇಕು. ಒಂದು ಮಾಡ್ಯುಲೇಟರಿನಿಂದ ಇದು ಆಗದು. ಎರಡನ್ನು ಸಾಲಾಗಿ ಇಡಿ, ಜೊತೆಗೆ ಆ ಹೊತ್ತಿಗೆ ಲೇಸರಿನ ಆವೃತ್ತಿಯನ್ನೂ ಗೆರೆಯಿಂದ ಕೆಲವು ಗಿಗಾಹರ್ಟ್ಸ್ ಆಚೆ ತಳ್ಳಿ. ಚಿಪ್ಪಿನೊಳಗೆ ವೇವ್‌ಗೈಡಿನಿಂದ ಚದುರಿ ತಳದ ಪದರದಲ್ಲಿ ಹರಿಯುವ ಬೆಳಕು ಮಾಡ್ಯುಲೇಟರಿನ ಒಳಹೊಗದೆ ಪಕ್ಕದಿಂದ ದಾಟಿಬಿಡುತ್ತದೆ ಎಂಬುದನ್ನೂ ಮರೆಯಬೇಡಿ. ಬೆಳಕು ಹೊರಡುವ ಅಂಚು ಒಳಬರುವ ಅಂಚಿನ ನೇರಕ್ಕೆ ಇರದಂತೆ ಚಿಪ್ ಬಿಡಿಸಿ.

ಇನ್ನು ವೇಗೋತ್ಕರ್ಷ. ಮೇಲೆ ಹೇಳಿದ ಸಾಧನದಲ್ಲಿ 1 ಮೈಕ್ರೊ-ಜಿ ವೇಗೋತ್ಕರ್ಷ 0.016 ರೇಡಿಯನ್ ಕೊಡುತ್ತದೆ, ಅಂದರೆ ಗಂಟೆಗೆ 1 ಡಿಗ್ರಿಯ ಸುಳ್ಳು ತಿರುಗುವಿಕೆ. ಒಂದೇ ಮೋಡದ ಸಾಧನವನ್ನು ಗೈರೊ ಎಂದು ಕರೆಯುವುದೇ ತಪ್ಪು. ಎದುರುಬದುರು ಹಾರುವ ಎರಡು ಮೋಡಗಳು ಬೇಕು: ಫೇಸುಗಳ ಮೊತ್ತದಿಂದ ವೇಗೋತ್ಕರ್ಷ, ವ್ಯತ್ಯಾಸದಿಂದ ತಿರುಗುವಿಕೆ. ಸಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2014ರಲ್ಲಿ ಮಾಡಿದ ಏರ್ಪಾಡು ಇದಕ್ಕೆ ಅಂದವಾದ ಮಾದರಿ. 36 ಮಿ.ಮೀ. ದೂರದ ಎರಡು ಬಲೆಗಳು ಒಂದರ ಮೋಡವನ್ನು ಇನ್ನೊಂದಕ್ಕೆ ಎಸೆದು ಅಲ್ಲೇ ಮತ್ತೆ ಹಿಡಿಯುತ್ತವೆ. ಹಿಡಿದ ಪರಮಾಣುಗಳೇ ಮರಳಿ ಸಿಗುವುದರಿಂದ ಸೆಕೆಂಡಿಗೆ 60 ಅಳತೆ ಸಾಧ್ಯವಾಯಿತು, ಸೂಕ್ಷ್ಮತೆ ಸೆಕೆಂಡಿಗೆ ಒಂದು ಮೈಕ್ರೊರೇಡಿಯನ್ ಆಸುಪಾಸು.

ಈ ಬಗೆಯ ದೊಡ್ಡ ದೌರ್ಬಲ್ಯ ವೇಗದ ತಿರುವು. 10 ಮೈಕ್ರೊಕೆಲ್ವಿನ್ ಮೋಡದಲ್ಲಿ ಪರಮಾಣುಗಳ ವೇಗ ಸೆಕೆಂಡಿಗೆ 3 ಸೆಂ.ಮೀ.ನಷ್ಟು ಹರಡಿರುತ್ತದೆ. ವೇದಿಕೆ ಸೆಕೆಂಡಿಗೆ 0.6 ಡಿಗ್ರಿ ತಿರುಗಿದರೆ ಅಲೆಗಳು ಕೂಡಿ ಮೂಡುವ ಪಟ್ಟೆಗಳ ಸ್ಪಷ್ಟತೆ ಶೇ. 60ಕ್ಕೆ ಇಳಿಯುತ್ತದೆ, 1.7 ಡಿಗ್ರಿಗೆ ಶೇ. 1. ಅದಕ್ಕೂ ಮೊದಲೇ ಇನ್ನೊಂದು ತೊಡಕು: ಸೆಕೆಂಡಿಗೆ 0.11 ಡಿಗ್ರಿಗೇ ಫೇಸ್ ಒಂದು ಪೂರ್ಣ ಸುತ್ತು ಹಾಕಿ, ಯಾವ ಪಟ್ಟೆಯ ಮೇಲಿದ್ದೇವೆ ಎಂಬುದೇ ತಿಳಿಯದು. ಆದ್ದರಿಂದ ಚಲಿಸುವ ವಾಹನಕ್ಕೆ ಇದನ್ನು ಒಂಟಿಯಾಗಿ ಕೊಡಲಾಗದು. ರಾಮನ್ ಕಿರಣವನ್ನು ಹಿಂದಿರುಗಿಸುವ ಕನ್ನಡಿಯನ್ನು ಪೀಜೊ (ವಿದ್ಯುತ್ತಿಗೆ ಹಿಗ್ಗಿ ಕುಗ್ಗುವ ತುಂಡು) ಮೇಲೆ ಕೂರಿಸಿ ಎದುರು ದಿಕ್ಕಿಗೆ ತಿರುಗಿಸಬೇಕು, ಪಕ್ಕದಲ್ಲಿ ಫೈಬರ್ ಗೈರೊ ಇರಬೇಕು, ಕನ್ನಡಿಯ ಬೆನ್ನಿಗೇ ವೇಗೋತ್ಕರ್ಷಮಾಪಕ ಅಂಟಿರಬೇಕು. ಅದನ್ನು ಹತ್ತಿರದ ಚೌಕಟ್ಟಿಗೆ ಅಂಟಿಸುವವರಿದ್ದಾರೆ. ಪರಮಾಣುಗಳು ಅಳೆಯುವುದು ಕನ್ನಡಿಯ ಚಲನೆಯನ್ನು, ಚೌಕಟ್ಟಿನದಲ್ಲ.

ಹಳಿಯ ಮೇಲಿನ ಪರಮಾಣು

ವೇವ್‌ಗೈಡಿನ ಆಮಿಷ ಅರ್ಥವಾಗುವಂಥದ್ದೇ. ಪರಮಾಣು ಬೀಳುವುದಿಲ್ಲ, ಹಾಗಾಗಿ ಕೋಣೆ ಸಣ್ಣದಾಗುತ್ತದೆ. ಸುತ್ತಿದಷ್ಟೂ ವಿಸ್ತೀರ್ಣ ಬೆಳೆಯುತ್ತದೆ. ವೇವ್‌ಗೈಡಿನ ಮೇಲ್ಮೈಯಿಂದ ಬೆಳಕಿನ ಒಂದು ಅಂಚು ಹೊರಚಾಚಿ ನೂರೆರಡುನೂರು ನ್ಯಾನೊಮೀಟರಿನೊಳಗೆ ಕ್ಷೀಣಿಸುತ್ತದೆ. ಅನುರಣನಕ್ಕಿಂತ ಉದ್ದ ತರಂಗಾಂತರದ ಕೆಂಪು ಬೆಳಕು ಪರಮಾಣುವನ್ನು ಸೆಳೆಯುತ್ತದೆ, ಗಿಡ್ಡ ತರಂಗಾಂತರದ ನೀಲಿ ಬೆಳಕು ತಳ್ಳುತ್ತದೆ. ನೀಲಿ ಬೇಗ ಕ್ಷೀಣಿಸುವುದರಿಂದ ಎರಡರ ನಡುವೆ, ಮೇಲ್ಮೈಯಿಂದ ಸುಮಾರು 200 ನ್ಯಾನೊಮೀಟರ್ ಎತ್ತರದಲ್ಲಿ, ಒಂದು ಗುಳಿ ಏರ್ಪಡುತ್ತದೆ. ಮೈಂಜ್‌ನಲ್ಲಿ 2010ರಲ್ಲಿ 500 ನ್ಯಾನೊಮೀಟರ್ ದಪ್ಪದ ಫೈಬರ್ ಸುತ್ತ ಸೀಸಿಯಂ ಪರಮಾಣುಗಳನ್ನು ಹೀಗೆ ಹಿಡಿದರು. ಚಿಪ್ ಮೇಲೆ ಇದನ್ನೇ ತೆಳು ಪೊರೆಯ ಮೇಲಿನ ವೇವ್‌ಗೈಡಿನಿಂದ ಮಾಡುವ ಯತ್ನ ನಡೆದಿದೆ.

1 ಮಿ.ಮೀ. ತ್ರಿಜ್ಯದ ಉಂಗುರದಲ್ಲಿ ಎರಡೂ ಕಡೆಯಿಂದ ಪೂರ್ಣ ಸುತ್ತು ಹಾಕಿಸಿದರೆ ಭೂಮಿಯ ತಿರುಗುವಿಕೆಗೆ 1.25 ರೇಡಿಯನ್ ಸಿಗುತ್ತದೆ. ಓದಲು ಸೊಗಸು. ಆದರೆ ಸೆಕೆಂಡಿಗೆ 11.8 ಮಿ.ಮೀ. ವೇಗದಲ್ಲಿ 6.28 ಮಿ.ಮೀ. ಸುತ್ತಲು ಅರ್ಧ ಸೆಕೆಂಡ್ ಬೇಕು. ನ್ಯಾನೊಫೈಬರ್ ಬಲೆಗಳಲ್ಲಿ ಪರಮಾಣು ಉಳಿಯುತ್ತಿದ್ದದ್ದು ಹತ್ತಾರು ಮಿಲಿಸೆಕೆಂಡಿನಿಂದ ನೂರರ ಆಸುಪಾಸು. ತೆಳು ಗಾಜಿನ ಕಂಪನಗಳೇ ಅದನ್ನು ಬಿಸಿಮಾಡಿ ಹೊರದೂಡುತ್ತವೆ.

ಅದಕ್ಕಿಂತ ಕಟುವಾದ ತೊಂದರೆ ಹಿಂಪ್ರತಿಫಲನ. ಚಿಪ್ಪಿನ ಅಂಚಿನಿಂದ ಶಕ್ತಿಯ ಹತ್ತು ಸಾವಿರದಲ್ಲಿ ಒಂದು ಪಾಲು, ಅಂದರೆ −40 ಡೆಸಿಬೆಲ್, ಹಿಂದಿರುಗಿತು ಎನ್ನಿ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಹೋಗುವ, ಹಿಂದಿರುಗುವ ಬೆಳಕು ಕೂಡಿ ಮೂಡುವ ಸ್ಥಾಯಿ ಅಲೆಯ ಏರಿಳಿತ ಆ ಪಾಲಿನ ವರ್ಗಮೂಲದ ಇಮ್ಮಡಿ: ಶೇ. ±2. ಗುಳಿಯ ಆಳ (ಶಕ್ತಿಯನ್ನು ತಾಪದ ಮಾನದಲ್ಲೇ ಹೇಳುವುದಾದರೆ) 300 ಮೈಕ್ರೊಕೆಲ್ವಿನ್ ಇದ್ದರೆ ಹಳಿಯುದ್ದಕ್ಕೂ ±6 ಮೈಕ್ರೊಕೆಲ್ವಿನ್ ಎತ್ತರದ ದಿಣ್ಣೆಗಳು. 11.8 ಮಿ.ಮೀ. ವೇಗದ ಪರಮಾಣುವಿನ ಚಲನಶಕ್ತಿ 0.73 ಮೈಕ್ರೊಕೆಲ್ವಿನ್ ಅಷ್ಟೆ. ಅದು ಹೊರಡುವುದೇ ಇಲ್ಲ. −60 ಡೆಸಿಬೆಲ್‌ಗೆ ಇಳಿಸಿದರೂ ತಗ್ಗಿನಿಂದ ದಿಣ್ಣೆಗೆ 1.2 ಮೈಕ್ರೊಕೆಲ್ವಿನ್, ಆಗಲೂ ಹತ್ತಲಾರದು. ಮೇಲಾಗಿ ನೀಲಿ-ಕೆಂಪು ಎರಡರ ಬಲಗಳು ಒಂದನ್ನೊಂದು ಅಳಿಸಿ ಉಳಿದದ್ದು 300. ಒಂದೊಂದೇ ಬಣ್ಣದ ಪಾಲು ಅದಕ್ಕಿಂತ ದೊಡ್ಡದು, ಹಾಗಾಗಿ ವಾಸ್ತವದಲ್ಲಿ ದಿಣ್ಣೆ ಇನ್ನೂ ಎತ್ತರ.

ಪರಿಹಾರ ಮೂರಿವೆ, ಮೂರೂ ಅರೆಬರೆ. ಅಂಚುಗಳನ್ನು ಓರೆಯಾಗಿ ಕತ್ತರಿಸಿ ಲೇಪ ಹಚ್ಚುವುದು ಕಡ್ಡಾಯ. ಬಲೆಯ ಲೇಸರಿಗೆ 1 ನ್ಯಾನೊಮೀಟರ್ ಅಗಲದ ವರ್ಣಪಟಲ ಕೊಟ್ಟರೆ ಅಂಚಿನಿಂದ ಮಿಲಿಮೀಟರಿಗಿಂತ ದೂರದಲ್ಲಿ ಸ್ಥಾಯಿ ಅಲೆ ಅಳಿಸಿಹೋಗುತ್ತದೆ, ಆದರೆ ವೇವ್‌ಗೈಡಿನ ಗೋಡೆಯ ಒರಟುತನದಿಂದ ಪಕ್ಕದಲ್ಲೇ ಹಿಂದಿರುಗುವ ಬೆಳಕಿಗೆ ಇದು ನಾಟುವುದಿಲ್ಲ. ಮೂರನೆಯದು ಪರಮಾಣುವನ್ನು ಹತ್ತು ಪಟ್ಟು ವೇಗವಾಗಿ ಓಡಿಸುವುದು: ಸೆಕೆಂಡಿಗೆ 12 ಸೆಂ.ಮೀ. ವೇಗದಲ್ಲಿ ಚಲನಶಕ್ತಿ 73 ಮೈಕ್ರೊಕೆಲ್ವಿನ್, ದಿಣ್ಣೆ ಲೆಕ್ಕಕ್ಕೇ ಬರುವುದಿಲ್ಲ, ಸುತ್ತು 50 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅದಕ್ಕೆ ಬ್ರ್ಯಾಗ್ ಒದೆತಗಳನ್ನು (ಬೆಳಕಿನ ಅಲೆಯ ಜಾಲರಿಯಿಂದ ಕೊಡುವ ಒದೆತಗಳನ್ನು) ಸಾಲಾಗಿ ಕೊಡಬೇಕು, ಪ್ರತಿ ಒದೆತದಲ್ಲೂ ಒಂದಿಷ್ಟು ಪರಮಾಣು ಕಳೆದುಕೊಳ್ಳಬೇಕು. ಆಯ್ಕೆ ಮಾಡಬೇಕಾದರೆ ನಮ್ಮ ಒಲವು ಇದಕ್ಕೇ. ಬ್ರ್ಯಾಗ್ ಸೀಳುವಿಕೆಯಲ್ಲಿ ಪರಮಾಣುವಿನ ಆಂತರಿಕ ಸ್ಥಿತಿ ಬದಲಾಗದ ಕಾರಣ ಬಲೆಯ ಬೆಳಕು ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿ ಜರುಗಿಸುವ ಚಿಂತೆಯೂ ತಪ್ಪುತ್ತದೆ.

ಶಾಖವನ್ನೂ ಗಮನಿಸಿ. ನಿರ್ವಾತದಲ್ಲಿ ತೇಲುವ ಪೊರೆಗೆ ಶಾಖ ಹೊರಹೋಗಲು ಅಂಚಿನ ತೆಳುದಾರಿಯೊಂದೇ. ಹೀರಿದ ಬೆಳಕು ಅಲ್ಪವಾದರೂ ಪೊರೆ ಬಾಗಿ ಕೊನೆಗೆ ಒಡೆಯುತ್ತದೆ. ವಸ್ತುವಾಗಿ ಸಿಲಿಕಾನ್ ಬೇಡ, 780ರ ಬೆಳಕನ್ನು ಅದು ನುಂಗುತ್ತದೆ. ಸಿಲಿಕಾನ್ ನೈಟ್ರೈಡ್ ಅಥವಾ ಅಲ್ಯುಮಿನ ಇರಲಿ. ಇನ್ನು ರುಬಿಡಿಯಂ: ಮೂಲ ತೆರೆದಿಟ್ಟಷ್ಟೂ ಅದು ವೇವ್‌ಗೈಡಿಗೆ ಅಂಟಿ ಬೆಳಕಿನ ನಷ್ಟ ದಿನೇದಿನೇ ಏರುತ್ತದೆ. ಚಿಪ್ಪನ್ನು ಕೋಣೆಯ ಗೋಡೆಗಿಂತ ಬಿಸಿಯಾಗಿಡಿ, ಮೂಲವನ್ನು ಚಿಪ್ಪಿನ ನೇರಕ್ಕೆ ಇಡಬೇಡಿ.

ಯಾವುದಕ್ಕೆ ಯಾವುದು

ಡ್ರೋನ್, ರೋಬಾಟ್, ಕಾರು: ಎಂಇಎಂಎಸ್, ಅಂದರೆ ಸಿಲಿಕಾನಿನಲ್ಲಿ ಕೆತ್ತಿದ ಪುಟ್ಟ ಕಂಪಿಸುವ ಗೈರೊ. ಚರ್ಚೆ ಬೇಡ. ವಿಮಾನ, ಹಡಗಿಗೆ ಉಂಗುರ ಲೇಸರ್, ಫೈಬರ್ ಅಥವಾ ಸಿಲಿಕಾ ಗಾಜಿನ ಅರೆಗೋಳದ ಅನುರಣಕ (ಕಂಪಿಸುವ ಬಟ್ಟಲಿನ ಗೈರೊ) ಸಾಕು. ಉತ್ತರ ದಿಕ್ಕು ಕಂಡುಹಿಡಿಯಲು ಗಂಟೆಗೆ 0.01 ಡಿಗ್ರಿ ಬಯಾಸ್ (ತಿರುಗದಿದ್ದರೂ ತೋರುವ ಸುಳ್ಳು ಓದು) ಇರುವ ಫೈಬರ್ ಗೈರೊ ಸಮಭಾಜಕದ ಬಳಿ 0.04 ಡಿಗ್ರಿ ನಿಖರತೆ ಕೊಡುತ್ತದೆ. ಧ್ರುವದತ್ತ ಹೋದಂತೆ ಭೂಮಿಯ ತಿರುಗುವಿಕೆಯ ಅಡ್ಡಪಾಲು ಕುಗ್ಗಿ ತಪ್ಪು ಹಿಗ್ಗುತ್ತದೆ. ಭೂಮಿಯ ತಿರುಗುವಿಕೆಯ ಏರುಪೇರನ್ನೇ ಅಳೆಯಬೇಕೆಂದರೆ ಜರ್ಮನಿಯ ವೆಟ್‌ಸೆಲ್‌ನ 16 ಚದರ ಮೀಟರ್ ಉಂಗುರ ಲೇಸರಿನಂಥ ಸ್ಥಾವರಗಳಿವೆ, ಅಲ್ಲಿ ಚಿಪ್ಪಿಗೆ ಜಾಗವಿಲ್ಲ. ಹೊರಗಿನ ನೆರವಿಲ್ಲದೆ ವಾರಗಟ್ಟಲೆ ಸಾಗುವ ವಾಹನಕ್ಕೆ ಫೈಬರ್ ಮತ್ತು ಬೀಳುವ ಪರಮಾಣುವಿನ ಜೋಡಿ: ಫೈಬರ್ ಸೆಕೆಂಡಿಗೆ ಸಾವಿರ ಸಲ ಓದುತ್ತದೆ, ಪರಮಾಣು ಐದೋ ಅರವತ್ತೋ ಸಲ ಅದರ ಬಯಾಸನ್ನು ತಿದ್ದುತ್ತದೆ. ಹಳಿಯ ಮೇಲಿನ ಪರಮಾಣುವನ್ನು ಪ್ರಯೋಗಾಲಯದ ಸಂಶೋಧನೆಗೆಂದೇ ಆರಿಸಿ, ಉತ್ಪನ್ನದ ವೇಳಾಪಟ್ಟಿಯಲ್ಲಿ ಸೇರಿಸಬೇಡಿ.

ಸಿದ್ಧ ಸಾಧನ ಕೊಳ್ಳುವಾಗ ಒಂದು ಸೆಕೆಂಡಿನ ಸೂಕ್ಷ್ಮತೆಯ ಸಂಖ್ಯೆ ಕೊಟ್ಟರೆ ತೃಪ್ತಿಪಡಬೇಡಿ. ಕನಿಷ್ಠ 1 ಲಕ್ಷ ಸೆಕೆಂಡ್ ಉದ್ದದ ಅಲನ್ ವಿಚಲನೆಯ ರೇಖೆ (ಸರಾಸರಿಯ ಅವಧಿ ಉದ್ದವಾದಂತೆ ಓದು ಎಷ್ಟು ಸ್ಥಿರ ಎಂದು ತೋರಿಸುವ ರೇಖೆ) ಕೇಳಿ, ಅದನ್ನು ತೆಗೆಯುವಾಗ ಕೋಣೆಯ ತಾಪ ಎಷ್ಟು ಡಿಗ್ರಿ ಆಡಿತ್ತು ಎಂದೂ ಕೇಳಿ. ಆಮೇಲೆ ಸಾಧನವನ್ನು ತಿರುಗುಮೇಜಿನ ಮೇಲಿಟ್ಟು ಅಳೆಯುವ ಅಕ್ಷವನ್ನು ಪೂರ್ವ, ಉತ್ತರ, ಪಶ್ಚಿಮ, ದಕ್ಷಿಣಕ್ಕೆ ಮುಖಮಾಡಿಸಿ ಓದಿ. ಉತ್ತರ-ದಕ್ಷಿಣದ ಓದುಗಳ ವ್ಯತ್ಯಾಸದ ಅರ್ಧ ಆ ಅಕ್ಷಾಂಶದ ಅಡ್ಡಪಾಲಿಗೆ ಸರಿಹೊಂದಬೇಕು. ಪೂರ್ವ-ಪಶ್ಚಿಮದ ಸರಾಸರಿಯಲ್ಲಿ ಉಳಿಯುವುದೇ ಬಯಾಸ್. ಮೇಜು ಓರೆಯಾಗಿದ್ದರೆ ಗುರುತ್ವ ಒಳನುಸುಳುತ್ತದೆ, ಆದ್ದರಿಂದ ಪ್ರತಿ ದಿಕ್ಕಿನಲ್ಲೂ ಓರೆಮಾಪಕದ ಓದನ್ನೂ ಜೊತೆಗೇ ಬರೆದುಕೊಳ್ಳಿ. ಮಾರುವವರು ಎರಡು ಮೋಡಗಳ ಫೇಸುಗಳನ್ನು ಬೇರೆಬೇರೆಯಾಗಿ ಕೊಡಲು ಒಪ್ಪದೆ ವ್ಯತ್ಯಾಸವನ್ನಷ್ಟೇ ತೋರಿಸಿದರೆ ಒಪ್ಪಬೇಡಿ: ಒಂದು ಮೋಡದ ಸ್ಪಷ್ಟತೆ ಕುಸಿಯುತ್ತಿದ್ದರೆ ಅದು ಬೇರೆಬೇರೆಯಾಗಿ ನೋಡಿದಾಗ ಮಾತ್ರ ಕಾಣುತ್ತದೆ.